ಭಾವನ ಫೋನು, ನನ್ನ ಬಿಲ್ಲು

2024ರ ಸೆಪ್ಟೆಂಬರ್‌ನಲ್ಲಿ ಐಫೋನ್ 16 ಬಂದಾಗ ಹಾಸನದಿಂದ ಭಾವ ಕರೆ ಮಾಡಿದರು. "ಅಲ್ಲಿ 799 ಡಾಲರ್ ಅಂತೆ, ಇಲ್ಲಿ 79,900 ರೂಪಾಯಿ. ಊರಿಗೆ ಬರುವಾಗ ಒಂದು ತಂದುಬಿಡು ಮಾರಾಯ." ಆಗ ಡಾಲರ್‌ಗೆ 84 ರೂಪಾಯಿ ಹತ್ತಿರ ಇತ್ತು. 799 ಡಾಲರ್ ಅಂದರೆ 67 ಸಾವಿರ. ಹದಿಮೂರು ಸಾವಿರ ಉಳಿತಾಯ ಯಾರಿಗೆ ಬೇಡ?

ಆದರೆ ನಾನಿರುವುದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಸಿಯಾಟಲ್‌ನಲ್ಲಿ. ಇಲ್ಲಿ ವಸ್ತುವಿನ ಮೇಲೆ ಅಂಟಿಸಿದ ಚೀಟಿಯ ಬೆಲೆಯೇ ಬೇರೆ, ಬಿಲ್ಲೇ ಬೇರೆ. ಬಂದ ಹೊಸದರಲ್ಲಿ 19.99 ಡಾಲರಿನ ಇಯರ್‌ಫೋನ್ ಹಿಡಿದು, ಇಪ್ಪತ್ತರ ಒಂದೇ ನೋಟು ಕೊಟ್ಟು ಚಿಲ್ಲರೆಗೆ ಕೈ ಚಾಚಿದ್ದೆ. ಕೌಂಟರಿನ ಹುಡುಗಿ "ಇನ್ನೂ ಎರಡು ಡಾಲರ್ ಹತ್ತಿರ ಬೇಕು" ಎಂದಳು. ಹಿಂದೆ ಸಾಲು ನಿಂತಿತ್ತು. ವಾಷಿಂಗ್ಟನ್ ರಾಜ್ಯದ ಸೇಲ್ಸ್ ಟ್ಯಾಕ್ಸ್ ಶೇ 6.5, ಅದರ ಮೇಲೆ ಸ್ಥಳೀಯ ತೆರಿಗೆ. ಎರಡೂ ಸೇರಿ ಸಿಯಾಟಲ್‌ನಲ್ಲಿ ಶೇ 10 ದಾಟುತ್ತದೆ. ಭಾವ ಹೇಳಿದ ಫೋನಿಗೆ ಆಗ ಇಲ್ಲಿ 880 ಡಾಲರ್ ಆಗುತ್ತಿತ್ತು, ಅಂದರೆ ಹೆಚ್ಚೂಕಡಿಮೆ 74 ಸಾವಿರ.

ಮೂರು ಗಂಟೆ ಕಾರು ಓಡಿಸಿದರೆ ಪೋರ್ಟ್‌ಲ್ಯಾಂಡ್. ಅದು ಪಕ್ಕದ ಒರೆಗಾನ್ ರಾಜ್ಯ, ಅಲ್ಲಿ ಸೇಲ್ಸ್ ಟ್ಯಾಕ್ಸೇ ಇಲ್ಲ. ಹಾಗಂತ ಅವರು ಧಾರಾಳಿಗಳೇನಲ್ಲ, ಸಂಬಳದ ಮೇಲೆ ರಾಜ್ಯದ ಆದಾಯ ತೆರಿಗೆ ಹಿಡಿಯುತ್ತಾರೆ. ನಮ್ಮ ವಾಷಿಂಗ್ಟನ್‌ನಲ್ಲಿ ಅದಿಲ್ಲ, ಹಾಗಾಗಿ ಅಂಗಡಿಯಲ್ಲಿ ಕೀಳುತ್ತಾರೆ. ಅಲ್ಲಿ ಕೊಂಡದ್ದನ್ನು ಇಲ್ಲಿ ತಂದು ಬಳಸಿದರೆ 'ಯೂಸ್ ಟ್ಯಾಕ್ಸ್' ಕಟ್ಟಬೇಕೆಂಬ ಕಾನೂನೂ ಇದೆ. ಕಟ್ಟಿದವರನ್ನು ನಾನಂತೂ ನೋಡಿಲ್ಲ!

ಈ ವಿಷಯದಲ್ಲಿ ನನಗೆ ನಮ್ಮೂರಿನ ಎಂಆರ್‌ಪಿಯೇ ಇಷ್ಟ. ಡಬ್ಬದ ಮೇಲೆ ಬರೆದದ್ದಕ್ಕಿಂತ ಒಂದು ರೂಪಾಯಿ ಜಾಸ್ತಿ ಕೇಳುವ ಹಾಗಿಲ್ಲ. ಜರ್ಮನಿಯಲ್ಲೂ ಹಾಗೆಯೇ, ಶೇ 19ರ ವ್ಯಾಟ್ ಬೆಲೆಯೊಳಗೇ ಇರುತ್ತದೆ. ಬಿಲ್ಲಿನಲ್ಲಿ ಬೇರೆಯಾಗಿ ತೋರಿಸಿದರೆ ತೆರಿಗೆ ಎಷ್ಟು ಅಂತ ಜನಕ್ಕೆ ಗೊತ್ತಾಗುತ್ತದೆ ಎಂದು ಅಮೆರಿಕದ ಗೆಳೆಯರು ವಾದಿಸುತ್ತಾರೆ. ಸರಿ, ಹಾಸನದ ಬಿಲ್ಲಿನಲ್ಲೂ ಕೇಂದ್ರದ ಸಿಜಿಎಸ್‌ಟಿ ಶೇ 9, ರಾಜ್ಯದ ಎಸ್‌ಜಿಎಸ್‌ಟಿ ಶೇ 9 ಅಂತ ಬೇರೆಬೇರೆಯಾಗಿಯೇ ಇರುತ್ತದಲ್ವಾ? ಅದಕ್ಕಾಗಿ ಚೀಟಿಯಲ್ಲಿ ಕಡಿಮೆ ಬರೆದು ಕೌಂಟರಿನಲ್ಲಿ ಪೇಚಿಗೆ ಸಿಕ್ಕಿಸಬೇಕಾಗಿಲ್ಲ.

ನಮ್ಮೂರಿನ ಜಿಎಸ್‌ಟಿ ದರ ಮಾತ್ರ ಜಾಸ್ತಿಯೇ. 2020ರ ಏಪ್ರಿಲ್‌ವರೆಗೆ ಮೊಬೈಲಿಗೆ ಶೇ 12 ಇತ್ತು, ಆಮೇಲೆ 18 ಆಯಿತು. 79,900ರಲ್ಲಿ ಜಿಎಸ್‌ಟಿ ತೆಗೆದು ನೋಡಿದೆ. 67,712 ರೂಪಾಯಿ ಉಳಿಯಿತು. ಇಲ್ಲಿನ ಆಗಿನ 799 ಡಾಲರಿಗೂ ಅದಕ್ಕೂ ಆರೇಳುನೂರು ರೂಪಾಯಿ ವ್ಯತ್ಯಾಸ, ಅಷ್ಟೇ. "ಅಮೆರಿಕದಲ್ಲಿ ಅಗ್ಗ" ಅಂತ ಸುಮ್ನೆ ಹೇಳುತ್ತಾ ಬಂದಿದ್ದೇವೆ. ಸಾಲದ್ದಕ್ಕೆ ಇಲ್ಲಿನ ಆ ಫೋನಿಗೆ ಸಿಮ್ ಹಾಕುವ ಜಾಗವೇ ಇಲ್ಲ, ಫೋನಿನೊಳಗೇ ಇರುವ ಇ-ಸಿಮ್ ಒಂದೇ ಗತಿ.

ಇದನ್ನೆಲ್ಲ ಭಾವನಿಗೆ ಹೇಳಿದೆ. ಅವರದು ಹಾರ್ಡ್‌ವೇರ್ ಅಂಗಡಿ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಅಂಗಡಿ ಲೆಕ್ಕಕ್ಕೇ ತಗೋತೀನಿ ಬಿಡು, ಜಿಎಸ್‌ಟಿ ನಂಬರ್ ಹಾಕಿಸಿದರೆ ಹನ್ನೆರಡು ಸಾವಿರ ಕ್ರೆಡಿಟ್ ಬರುತ್ತೆ, ಅಂಗಡಿ ಕಟ್ಟೋ ತೆರಿಗೆಯಲ್ಲಿ ಅಷ್ಟು ಕಡಿಮೆ" ಎಂದರು. ಅವರ ಫೋನು ನಾನು ಇಲ್ಲಿ ಕಟ್ಟಬೇಕಿದ್ದ ಬಿಲ್ಲಿಗಿಂತ ಆರು ಸಾವಿರ ಅಗ್ಗವಾಯಿತು.