ಪಿತ್ತಕೋಶ ತೆಗೆಯಲು ಹೊಕ್ಕುಳಿನ ಒಂದೇ ರಂಧ್ರ ಸಾಕೇ?

ಪರ

1882ರಲ್ಲಿ ಬರ್ಲಿನ್ನಿನ ಕಾರ್ಲ್ ಲಾಂಗೆನ್‌ಬುಕ್ ಮೊದಲ ಬಾರಿಗೆ ಪಿತ್ತಕೋಶವನ್ನು ಹೊರತೆಗೆದ ಮೇಲೆ ನೂರು ವರ್ಷ ರೋಗಿಗಳು ಪಕ್ಕೆಲುಬಿನ ಕೆಳಗೆ ಗೇಣುದ್ದದ ಗಾಯ ಹೊತ್ತೇ ಮನೆಗೆ ಹೋಗಬೇಕಾಗಿತ್ತು. 1985ರಲ್ಲಿ ಜರ್ಮನಿಯವರೇ ಆದ ಎರಿಕ್ ಮ್ಯೂಹೆ ಅದನ್ನು ಲ್ಯಾಪರೊಸ್ಕೋಪಿಯಿಂದ, ಅಂದರೆ ಹೊಟ್ಟೆಯ ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾ, ಉಪಕರಣ ಇಳಿಸಿ, ತೆಗೆದಾಗ ಅಲ್ಲಿನ ಶಸ್ತ್ರವೈದ್ಯರು ಒಪ್ಪಲಿಲ್ಲ. ಇಂದು ದಾವಣಗೆರೆಯಲ್ಲಿ ಪಿತ್ತಕೋಶದ ಕಲ್ಲಿಗೆ ನಾಲ್ಕು ರಂಧ್ರಗಳ ಕೀಹೋಲ್ ಆಪರೇಷನ್ ಮಾಮೂಲಿಯಾಗಿದೆ. ಹಾಗಿರುವಾಗ ನಾಲ್ಕು ಒಂದಾಗುವುದನ್ನು ಮೊದಲೇ ಅನುಮಾನಿಸಬೇಕಾಗಿಲ್ಲ. ಹೊಕ್ಕುಳಿನ ಮಡಿಕೆಯಲ್ಲೇ ಸೀಳಿ, ಕ್ಯಾಮೆರಾವನ್ನೂ ಉಪಕರಣಗಳನ್ನೂ ಅಲ್ಲಿಂದಲೇ ಇಳಿಸಿದರೆ, ಗಾಯ ಮಾಗಿದ ಮೇಲೆ ಗುರುತು ಹುಡುಕಿದರೂ ಸಿಗುವುದು ಕಷ್ಟ. ಮದುವೆ ವಯಸ್ಸಿನ ಮಗಳನ್ನು ಕರೆತರುವ ತಾಯಿ ಸ್ಕ್ಯಾನಿಂಗ್ ವರದಿಯನ್ನು ಮೇಜಿನ ಮೇಲಿಡುತ್ತಲೇ “ಕಲೆ ಉಳಿತೈತೇನ್ರಿ ಸಾರ್?” ಎಂದು ಕೇಳುತ್ತಾರೆ, ಆ ಪ್ರಶ್ನೆಯನ್ನು ಕ್ಷುಲ್ಲಕವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಮೈ ತೆಳ್ಳಗಿದ್ದು, ಪಿತ್ತಕೋಶ ಊದಿಕೊಂಡಿರದೆ, ಕೈ ಪಳಗಿದ ವೈದ್ಯರೂ ಇದ್ದರೆ ಅವಳಿಗೆ ಈ ವಿಧಾನ ಸಿಗಲೇಬೇಕು.

ವಿರೋಧ

ಈ ಆಪರೇಷನ್ನಿನಲ್ಲಿ ನಿಜವಾಗಿ ಹೆದರಬೇಕಾದ ಜಾಗ ಪಿತ್ತಕೋಶದ ಕತ್ತು. ಅಲ್ಲಿ ಪಿತ್ತಕೋಶದ ಸಣ್ಣ ನಾಳವೆಂದು ಭ್ರಮಿಸಿ, ಯಕೃತ್ತಿನಿಂದ ಕರುಳಿಗೆ ಹೋಗುವ ಮುಖ್ಯ ಪಿತ್ತನಾಳಕ್ಕೇ ಕ್ಲಿಪ್ ಹಾಕಿ ಕತ್ತರಿಸಿದರೆ, ಕರುಳನ್ನು ಮೇಲಕ್ಕೆ ತಂದು ಜೋಡಿಸುವ ದೊಡ್ಡ ಆಪರೇಷನ್ನೇ ಬೇಕಾಗಬಹುದು. ಇದನ್ನು ತಪ್ಪಿಸಲೆಂದೇ ಅಮೆರಿಕದ ಸ್ಟೀವನ್ ಸ್ಟ್ರಾಸ್‌ಬರ್ಗ್ ಮತ್ತು ಸಂಗಡಿಗರು 1995ರಲ್ಲಿ ಒಂದು ಶಿಸ್ತನ್ನು ಮುಂದಿಟ್ಟರು: ಕೊಬ್ಬು, ಪೊರೆಗಳನ್ನು ತೆಗೆದು, ಪಿತ್ತಕೋಶದ ಕೆಳಭಾಗವನ್ನು ಯಕೃತ್ತಿನಿಂದ ಬಿಡಿಸಿ, ಅದರೊಳಗೆ ಹೋಗುವುದು ಒಂದು ಪಿತ್ತನಾಳ, ಒಂದು ರಕ್ತನಾಳ, ಎರಡೇ ಎಂದು ಕಣ್ಣಾರೆ ಕಾಣುವ ತನಕ ಏನನ್ನೂ ಕತ್ತರಿಸಬಾರದು. ಆ ನೋಟಕ್ಕಾಗಿ ಎಡಗೈಯ ಉಪಕರಣ ಕತ್ತನ್ನು ಹೊರಕ್ಕೆಳೆದು, ಒಮ್ಮೆ ಮುಂದಕ್ಕೆ ಒಮ್ಮೆ ಹಿಂದಕ್ಕೆ ತಿರುಗಿಸುತ್ತಿರಬೇಕು. ನಾಲ್ಕು ರಂಧ್ರಗಳಿದ್ದರೆ ಉಪಕರಣಗಳು ಬೇರೆ ಬೇರೆ ದಿಕ್ಕಿನಿಂದ ಬಂದು ಕೂಡುತ್ತವೆ. ಒಂದೇ ರಂಧ್ರದಲ್ಲಿ ಅವು ಒಂದಕ್ಕೊಂದು ತಾಗುತ್ತವೆ, ಎಡಗೈ ಅಲುಗಿದರೆ ಕ್ಯಾಮೆರಾವೂ ಅಲುಗಿ, ಬೇಕಾದ ಗಳಿಗೆಯಲ್ಲೇ ಪರದೆಯ ಮೇಲಿನ ಚಿತ್ರ ಓಲಾಡುತ್ತದೆ.

ಇನ್ನೊಂದು ಮಾತು ನಮ್ಮ ಊರಿಗೇ ಸಂಬಂಧಿಸಿದ್ದು. ಮಾಮೂಲಿ ವಿಧಾನದಲ್ಲಿ ಹೊಕ್ಕುಳಿನ ರಂಧ್ರ ಸಾಮಾನ್ಯವಾಗಿ 10 ಮಿ.ಮೀ.; ಒಂದೇ ರಂಧ್ರದ ವಿಧಾನದಲ್ಲಿ ಅದು ಸುಮಾರು ಎರಡರಷ್ಟಾಗುತ್ತದೆ, ಮುಂದೆ ಅಲ್ಲಿ ಹರ್ನಿಯಾ ಆಗುವ ಸಂಭವವೂ ಹೆಚ್ಚೆಂದು ಎರಡನ್ನೂ ಹೋಲಿಸಿದ ಅಧ್ಯಯನಗಳು ಹೇಳುತ್ತವೆ. ಎಪಿಎಂಸಿ ಯಾರ್ಡಿನಲ್ಲಿ ಮೆಕ್ಕೆಜೋಳದ ಚೀಲ ಬೆನ್ನಿಗೇರಿಸುವ ಹಮಾಲಿಗೆ ಹರ್ನಿಯಾ ಆದರೆ ದುಡಿಮೆಯೇ ನಿಂತಂತೆ. ಅಂಥವರಿಗೆ ನಾನು ಒಂದೇ ರಂಧ್ರದ ಆಪರೇಷನ್ ಮಾಡುವುದಿಲ್ಲ. ಮಗಳ ಕಲೆಗಾಗಿ ಕಳವಳಪಡುವ ತಾಯಿಗೆ ನಾಲ್ಕು ರಂಧ್ರಗಳ ವಿಧಾನದ 5 ಮಿ.ಮೀ. ಗಾಯಗಳು ಕಾಲಕ್ರಮೇಣ ಮಾಸುವ ಬಗೆಯನ್ನು ವಿವರಿಸುತ್ತೇನೆ. ಆಮೇಲೂ ಒಂದೇ ಸಾಕೆಂದರೆ, ನೋಟ ಸಿಗದಿದ್ದಲ್ಲಿ ಕೂಡಲೇ ಎರಡನೆಯ ರಂಧ್ರ ಹಾಕಲಾಗುವುದು ಎಂದು ಒಪ್ಪಿಗೆ ಪತ್ರದಲ್ಲಿ ಬರೆಸಿಯೇ ಸಹಿ ಪಡೆಯುತ್ತೇನೆ.