ಇನ್ನೊಂದೇ ಫೋಟೋ ಅಂತೆ!

ಇನ್ನೊಂದೇ, ಇನ್ನೊಂದೇ ಅಂತ ಜೊತೆಯವರು ಫೋಟೋ ತೆಗೆದೂ ತೆಗೆದೂ ಕೊನೆಗೆ ಸ್ಪೇನಿನ ಅಲ್‌ಹಂಬ್ರಾ ಕೋಟೆಯೊಳಗಿನ ನಸ್ರಿದ್ ಅರಮನೆಯೇ ಕೈತಪ್ಪಿತು! ಟಿಕೆಟ್ ಮೇಲೆ ಒಳಹೋಗುವ ಸಮಯ ಅಚ್ಚಾಗಿರುತ್ತೆ, ಅದು ಮೀರಿದರೆ ಬಿಡಲ್ಲ ಅಂತ ಹಿಂದಿನ ರಾತ್ರಿಯೇ ಬಾಯಿ ನೋಯುವಷ್ಟು ಹೇಳಿದ್ದೆ. ಯಾರಾದರೂ ಕಿವಿಗೆ ಹಾಕಿಕೊಂಡರಾ?

ಆ ಕೋಟೆಯಿರುವ ಗ್ರಾನಡಾ ಊರಿಗೆ ಬಂದಾಗಿನಿಂದ ಇದೇ ಪಾಡು. ಅಲ್ಬೈಸಿನ್ ಅನ್ನೋ ಹಳೇ ಬಡಾವಣೆಯ ಏರುಗಲ್ಲಿಯಲ್ಲಿ ಒಬ್ಬಳು ಬಿಳಿ ಗೋಡೆಗೊರಗಿ ನಿಂತರೆ ಮಿಕ್ಕವರೆಲ್ಲ ಬಿಸಿಲಲ್ಲಿ ಕಾಯಬೇಕು. ಕೂದಲು ಹಾರಿದೆ, ಕಣ್ಣು ಮುಚ್ಚಿದೆ, ಮತ್ತೆ ತೆಗಿ! ತಟ್ಟೆ ಬಂದರೂ ಮುಟ್ಟುವಂತಿಲ್ಲ, ಮೊದಲು ಫೋನಿಗೆ ನೈವೇದ್ಯ. ಸಾನ್ ನಿಕೋಲಾಸ್ ಕಟ್ಟೆಯಿಂದ ಸಿಯೆರಾ ನೆವಾಡಾ ಬೆಟ್ಟ ಎದುರಿಗೇ ಕಾಣುವಾಗ ಅದಕ್ಕೆ ಬೆನ್ನು ಹಾಕಿ ಸೆಲ್ಫಿ!

ಕೈತಪ್ಪಿದ ಆ ಅರಮನೆಯೊಳಗೇ ಇರೋದು 14ನೇ ಶತಮಾನದ ಸಿಂಹಗಳ ಅಂಗಳ, ನಡುವೆ 12 ಕಲ್ಲುಸಿಂಹಗಳು ಹೊತ್ತ ಕಾರಂಜಿ. ಅದನ್ನು ನೋಡಬೇಕೆಂದೇ ತಿಂಗಳುಗಟ್ಟಲೆ ಹೊಟ್ಟೆ ಕಟ್ಟಿ ದುಡ್ಡು ಕೂಡಿಸಿದವಳು ನಾನು. ಇನ್ನು ನೋಡೋದು ಯಾವ ಕಾಲಕ್ಕೆ?