ಒಂದು ಕಾಲಂನಲ್ಲಿ ಯುದ್ಧ ಮುಗಿಸುವ ವಿಧಾನ

ಸುಡಾನ್ ಯುದ್ಧ 2023ರ ಏಪ್ರಿಲ್ 15ಕ್ಕೆ ಶುರುವಾಗಿ ಮೇ ಮೊದಲ ವಾರ ಮುಗಿಯಿತು. ನಮ್ಮ ಪತ್ರಿಕೆ, ಟಿವಿಗಳಲ್ಲಿ. ಅಲ್ಲಿನ ಸೇನೆಗಾಗಲಿ, ಅದರ ವಿರುದ್ಧ ಕಾದಾಡುವ ಅರೆಸೇನಾ ಪಡೆ ಆರ್‌ಎಸ್‌ಎಫ್‌ಗಾಗಲಿ ಈ ಸುದ್ದಿ ತಲುಪಲಿಲ್ಲ.

ಆ ಮೂರು ವಾರ ಮಾತ್ರ ಭರ್ಜರಿ. ರಾಜ್ಯದ 31 ಹಕ್ಕಿಪಿಕ್ಕಿ ಜನ ಸಿಕ್ಕಿಹಾಕಿಕೊಂಡಿದ್ದಾರೆಂದು ಸಿದ್ದರಾಮಯ್ಯ ಟ್ವೀಟ್ ಮಾಡಿದರು, ಜೈಶಂಕರ್ ಸಿಡುಕಿದರು. ಮೇ 10ಕ್ಕೆ ವಿಧಾನಸಭೆ ಚುನಾವಣೆ ಬೇರೆ. ಕಾದಾಡುವ ಎರಡು ಪಕ್ಷ ಊರಲ್ಲೇ ಸಿಕ್ಕ ಮೇಲೆ ಸೇನೆಯ ಮುಖ್ಯಸ್ಥ ಬುರ್ಹಾನ್ ಯಾರು, ಆರ್‌ಎಸ್‌ಎಫ್ ನಾಯಕ ಹೆಮೆದ್ತಿ ಯಾರು ಎಂದು ವಿವರಿಸುವ ಕಷ್ಟ ತಪ್ಪಿತು. ಕೇಂದ್ರ ಸರ್ಕಾರದ ತೆರವು ಕಾರ್ಯಾಚರಣೆ 'ಆಪರೇಷನ್ ಕಾವೇರಿ'ಯಲ್ಲಿ 3,800ಕ್ಕೂ ಹೆಚ್ಚು ಭಾರತೀಯರು ಪಾರಾಗಿ ಬಂದರು, ಭೂಪಟ ಸುತ್ತಿಟ್ಟಾಯಿತು. ಕಾವೇರಿ ಹೆಸರಿನ ವಿಷಯವೊಂದು ನಮ್ಮಲ್ಲಿ ಇಷ್ಟು ಬೇಗ ತಣ್ಣಗಾದದ್ದು ಇದೇ ಮೊದಲಿರಬೇಕು.

ಉಳಿದದ್ದಕ್ಕೆ ವಿದೇಶ ಪುಟವಿದೆ. ಏಜೆನ್ಸಿ ಸುದ್ದಿಯ ತಲೆಯಲ್ಲಿ ಸತ್ತವರ ಲೆಕ್ಕ, ಬಾಲದಲ್ಲಿ ಕಾರಣ. ಸಂಜೆ ಒಂದು ಜಾಹೀರಾತು ಬಂತೆಂದರೆ ಕತ್ತರಿ ಆಡುವುದು ಕೆಳಗಿನಿಂದಲೇ. ಹೀಗಾಗಿ ಓದುಗನಿಗೆ ಎಷ್ಟು ಜನ ಸತ್ತರೆಂದು ಆಗಾಗ ಗೊತ್ತಾಗುತ್ತದೆ, ಯಾಕೆಂದು ಎಂದೂ ಗೊತ್ತಾಗುವುದಿಲ್ಲ. ಕಾರಣ ಗೊತ್ತಿಲ್ಲದ ಸಾವನ್ನು ಯಾರು ಓದುತ್ತಾರೆ? 'ಓದುಗರಿಗೆ ಆಸಕ್ತಿಯಿಲ್ಲ' ಎಂದು ಮರುದಿನ ಇನ್ನೆರಡು ಪ್ಯಾರಾ ಹಾರುತ್ತವೆ. ಈ ಯಂತ್ರಕ್ಕೆ ಎಣ್ಣೆ ಕೂಡ ಬೇಡ.

ಹಕ್ಕಿಪಿಕ್ಕಿಗಳಲ್ಲಿ ಹಲವರಿದ್ದ ಊರು ಪಶ್ಚಿಮ ಸುಡಾನಿನ ಎಲ್ ಫಾಶರ್. ಅವರು ಬಂದ ಮೇಲೂ ಊರು ಅಲ್ಲೇ ಇತ್ತು. 2024ರ ಆಗಸ್ಟ್‌ನಲ್ಲಿ ಪಕ್ಕದ ಜಮ್‌ಜಮ್ ನಿರಾಶ್ರಿತರ ಶಿಬಿರದಲ್ಲಿ ಕ್ಷಾಮ ಖಚಿತವಾಯಿತು. ಮರುವರ್ಷ ಆಗಸ್ಟ್ ಹೊತ್ತಿಗೆ ಊರಿಗೆ ಮುತ್ತಿಗೆ ಹಾಕಿದ್ದ ಆರ್‌ಎಸ್‌ಎಫ್ ಅದರ ಸುತ್ತ 31 ಕಿಲೋಮೀಟರಿಗೂ ಉದ್ದದ ಮಣ್ಣಿನ ದಿಬ್ಬ ಎಬ್ಬಿಸಿತ್ತು. ಒಳಗಿದ್ದವರು ಶೇಂಗಾ ಹಿಂಡಿ ತಿನ್ನುತ್ತಿದ್ದರು. ನಾವು ಎಮ್ಮೆಗೆ ನೆನೆಸಿಡುತ್ತೇವಲ್ಲ, ಅದೇ ಹಿಂಡಿ. 31 ಎಂಬ ಅಂಕಿಗೆ ಒಮ್ಮೆ ದಿನಗಟ್ಟಲೆ ಚರ್ಚೆ ಸಿಕ್ಕಿತ್ತು. ಈ ಸಲದ 31 ಮಣ್ಣಿನದು, ಮತದಾರರ ಪಟ್ಟಿಯಲ್ಲಿಲ್ಲ.

2025ರ ಅಕ್ಟೋಬರ್ 26ಕ್ಕೆ ಊರು ಆರ್‌ಎಸ್‌ಎಫ್ ಕೈಗೆ ಬಿತ್ತು. ಸಂಪರ್ಕವೆಲ್ಲ ಕಡಿದಿತ್ತು, ಉಪಗ್ರಹ ಚಿತ್ರದಲ್ಲಿ ನೆಲದ ಮೇಲೆ ಕೆಂಪು ಕಲೆ ಕಂಡಿತು. ಟಿವಿ ಲೆಕ್ಕದಲ್ಲಿ ಅದು ವಿಶುವಲ್ಲೇ ಅಲ್ಲ: ಅಲುಗಾಡದು, ಅರಚದು, ಬೈಟ್ ಕೊಡದು.

ಹಿನ್ನೆಲೆ ಬೇಕೆಂದು ಯಾವನೋ ಉಪಸಂಪಾದಕ ಹಳೆಯ ಕಡತ ತೆರೆದನೆನ್ನಿ. ಎಲ್ ಫಾಶರ್, ಅಲ್ ಫಶೀರ್, ಎಲ್ ಫಾಷೆರ್: ಮೂರು ಬಾರಿ ಹುಡುಕಬೇಕು. ಕೊನೆಗೆ ಸಿಗುವುದು ಒಂದೇ ಸಾಲು: ಕನ್ನಡಿಗರೆಲ್ಲ ಸುರಕ್ಷಿತ.